ಕರೆದವರಿಗೆ ಖರ್ಚಿಲ್ಲ

ಆಟೋ ಕಾಂಪ್ಲೆಕ್ಸಿನ ಹಿಂದಿನ ಸಾಲಲ್ಲಿ ನಮ್ಮ ಶೆಡ್ಡು.
ಮನೆಬಳಕೆಯ ಹಿಟ್ಟಿನ ಗಿರಣಿ ಮಾಡುತ್ತೇವೆ,
ಅರ್ಧ ಎಚ್‌ಪಿ, ಒಂದು ಎಚ್‌ಪಿ.
ಲೇತಿಗೆ ದಸ್ತಗೀರ್, ಲೆಕ್ಕಕ್ಕೆ ಹಾಲೇಶಿ,
ಬೆಸುಗೆಗೂ ದೂರಿಗೂ ನಾನು.

ಆಗಿನ್ನೂ ಹತ್ತು ರೂಪಾಯಿ ಕರೆನ್ಸಿ ಹಾಕಿಸಿ
ವಾರವೆಲ್ಲ ಕಾಯ್ದು ಮಾತಾಡುತ್ತಿದ್ದ ಕಾಲ.
ಜನ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದರು,
ಬಾಗಿಲು ತಟ್ಟಿ ಓಡುವ ಮಕ್ಕಳ ಹಾಗೆ.
ಸಾರು ಉಕ್ಕುತ್ತಿರಲಿ, ತಲೆಗೆ ಎಣ್ಣೆ ಹಚ್ಚಿಕೊಂಡಿರಲಿ,
ತಿರುಗಿ ನಾನೇ ಮಾಡಬೇಕು:
ಯಾರು, ಯಾವೂರು, ಗಿರಣಿಗೆ ಏನಾಯಿತು?
ಅತ್ತಲಿಂದ, "ಏನಿಲ್ಲ ಕಣಮ್ಮ,
ನಂಬರ್ ಸರಿ ಇದೆಯಾ ಅಂತ ನೋಡಿದೆ."

ನೆಹರೂ ರಸ್ತೆಯ ಮಹಡಿಯಲ್ಲಿ ಟೈ ಕಟ್ಟಿದ ಹುಡುಗ
ಪ್ಯಾನ್ ಕಾರ್ಡು, ಕರೆಂಟ್ ಬಿಲ್ಲು, ಮೂರು ಫೋಟೋ ಇಸಕೊಂಡು
ಫಾರಂ ತಿರುಗಿಸಿ ಹೇಳಿದ:
"ಕರೆದವರಿಗೆ ಪೈಸೆ ಖರ್ಚಿಲ್ಲ ಮೇಡಂ.
ಎಲ್ಲಾ ನಿಮ್ಮದೇ."
ಎಲ್ಲಾ ನನ್ನದೇ.
ಮದುವೆಯ ಮಾರನೇ ಬೆಳಿಗ್ಗೆ ಅತ್ತೆ
ಅಡುಗೆಮನೆ ತೋರಿಸಿ ಹೀಗೇ ಅಂದಿದ್ದರು.

ನಂಬರ್ ಆರಿಸುವ ದಿನ ಲೇತ್ ನಿಂತಿತು.
ದಸ್ತಗೀರನಿಗೆ ಕೊನೆಗೆ ಏಳು ಎಂಟು ಆರು ಬೇಕು,
ಹಾಲೇಶಿಗೆ ಕೂಡಿದರೆ ಒಂಬತ್ತು ಬರಬೇಕು.
ಅಂಥವಕ್ಕೆಲ್ಲ ಫ್ಯಾನ್ಸಿ ರೇಟು.
ಸಿಕ್ಕಿದ್ದು ಯಾವ ದೇವರೂ ಕೇಳದೆ ಉಳಿದ
ಹನ್ನೊಂದು ಅಂಕಿ.
ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ,
ಸಿಟಿ ಬಸ್ಸಿನಲ್ಲಿ, ಹಾಲಿನ ಕ್ಯೂನಲ್ಲಿ.
ಗಿರಣಿಗಳ ಹೊಟ್ಟೆಗೆ ಹಳದಿ ಸ್ಟಿಕ್ಕರ್ ಬಿತ್ತು.

ಮೊದಲ ದಿನ ಯಾರೂ ಮಾಡಲಿಲ್ಲ.
ಸಂಜೆ ಎದುರಿನ ಟೀ ಅಂಗಡಿಯಿಂದ ನಾನೇ ಒತ್ತಿದೆ.
"ಹಲೋ, ಯಾರು?" ಅಂದ ಹಾಲೇಶಿ.
"ನಾನೇ ಕಣೋ."
"ಎಲ್ಲಿಂದ?"
"ಕಿಟಕೀಲಿ ನೋಡು."
ಕೈ ಬೀಸಿದ. ಒಂದು ರೂಪಾಯಿ ಹತ್ತು ಪೈಸೆ.

ಆಮೇಲೆ ಬಂದವು.
ಹೊಸನಗರದ ಒಬ್ಬ ಪೋರ:
"ನಿಜವಾಗ್ಲೂ ಫ್ರೀನಾ?"
ಹೌದಪ್ಪ.
"ಹಂಗಾರೆ ಸ್ವಲ್ಪ ಹೊತ್ತು ಇರಿ."
ಇದ್ದೆ. ಅವನೂ ಇದ್ದ. ಮೂಗು ಎಳೆದುಕೊಂಡ. ಇಟ್ಟ.
ರಾತ್ರಿ ಹನ್ನೊಂದಕ್ಕೆ ಕುಡಿದವನೊಬ್ಬ
ತನ್ನ ಬೈಕು ಎಲ್ಲಿ ನಿಲ್ಲಿಸಿದೆ ಅಂತ ನನ್ನನ್ನೇ ಕೇಳಿ
ನನಗೆ ಗೊತ್ತಿಲ್ಲ ಅಂದದ್ದಕ್ಕೆ
ಎಂಥ ಕಂಪನಿ ನಿಮ್ಮದು ಅಂತ ಬೈದ.

ಕೊಪ್ಪದಿಂದ ಗುಲಾಬಿ ಅಂತ ಒಬ್ಬರು.
ಓಣಿಗೆಲ್ಲ ಕೂಲಿಗೆ ಬೀಸಿಕೊಡುತ್ತಾರಂತೆ.
"ಬಾಯಲ್ಲಿ ಹೇಳಾಕೆ ಬರಲ್ಲ, ನೀವೇ ಕೇಳಿ"
ಅಂದು ಫೋನನ್ನು ಗಿರಣಿಯ ಪಕ್ಕ ಇಟ್ಟರು.
ಕರಕರದ ಒಳಗೆ ಇನ್ನೊಂದು ಕರಕರ.
ಅದರ ಹಿಂದೆ ಕೋಳಿ, ಬೋಗುಣಿ, ಯಾರದೋ ಕೆಮ್ಮು.
ಎಡಗಡೆಯ ಬೋಲ್ಟು ಅರ್ಧ ಸುತ್ತು ಬಿಗಿ ಮಾಡಿ, ಅಂದೆ.
ಸದ್ದು ನುಣ್ಣಗಾಯಿತು.

ಅವರು ಇಡಲಿಲ್ಲ.
"ಇದನ್ನ ಮಾಡಿದ್ದು ಯಾರು?"
ಐದು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.
ಮೇಲಿನ ಬಾಯಿಯ ಬೆಸುಗೆ ನನ್ನದು, ಅಂದೆ.
ಶೆಡ್ಡು ದಾಟಿದ ಮೇಲೆ ನಮ್ಮ ಗಿರಣಿ
ಇನ್ನೊಬ್ಬರ ಮನೆಯಲ್ಲಿ ಹೇಗೆ ಬೀಸುತ್ತದೆ
ಅಂತ ನಾನು ಕೇಳಿಯೇ ಇರಲಿಲ್ಲ.
"ಹಂಗಾರೆ ಕೇಳ್ರಿ," ಅಂದು
ಇನ್ನೆರಡು ಸೇರು ಸುರಿದರು.

ತಿಂಗಳ ಕೊನೆಗೆ ಹಾಲೇಶಿ ಕೆಂಪು ಪೆನ್ನು ಹಿಡಿದು ಬಂದ.
"ಕೊಪ್ಪ, ಇಪ್ಪತ್ತಾರು ನಿಮಿಷ. ಏನು ದೂರು?"
ದೂರಿಲ್ಲ, ಅಂದೆ.
ದೂರ ಇಲ್ಲ ಅಂತ ಕೇಳಿಸಿತೋ ಏನೋ,
"ನೂರು ಕಿಲೋಮೀಟರ್ ಹತ್ರ ಆಗುತ್ತಲ್ಲ" ಅಂದ.
ಕಾಲಮ್ಮು ಖಾಲಿ ಬಿಡೋ ಹಾಗಿಲ್ಲ, ಏನು ಬರೀಲಿ?

ಅಕ್ಕಿ ಅಂತ ಬರಿ.